ನೈಟ್ ಡ್ಯೂಟಿ ಮುಗಿಸಿ ಬಂದು ಓಡಬಹುದೇ?

ಪ್ರಶ್ನೆ: ನಮ್ಮ ಮನೆಯವರು ಪೊಲೀಸ್ ಹೆಡ್ ಕಾನ್‌ಸ್ಟೆಬಲ್, ವಯಸ್ಸು 46. ಹೊಟ್ಟೆ ಬಂದಿದೆ, ಪರೇಡ್‌ನಲ್ಲಿ ಏದುಸಿರು ಬರುತ್ತದೆ ಎಂದು ಅವರಿಗೇ ಬೇಸರ. ಹದಿನೈದು ದಿನದಿಂದ ನೈಟ್ ಡ್ಯೂಟಿ ಮುಗಿಸಿ ಬಂದವರೇ ಐದು ಕಿಲೋಮೀಟರ್ ಓಡಲು ಹೋಗುತ್ತಿದ್ದಾರೆ. ರಾತ್ರಿ ಊಟ ಬಿಟ್ಟಿದ್ದಾರೆ. ಬಂದೋಬಸ್ತ್ ಇದ್ದ ದಿನ ಕಾಲು ಊದಿಕೊಳ್ಳುತ್ತದೆ. ನಮ್ಮ ಮಾವನವರು 52ಕ್ಕೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ನನಗೆ ಭಯ, ಹೇಳಿದರೆ ಇವರು ಕೇಳುವುದಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ ತಾಯಿ. ತಂದೆಗೆ 55ರ ಒಳಗೇ ಹೃದಯಾಘಾತವಾಗಿದ್ದರೆ ಮಗನ ವಿಷಯದಲ್ಲಿ ನಾವು ಹೆಚ್ಚು ಹುಷಾರಾಗಿರುತ್ತೇವೆ. ಈ ಪುಟವನ್ನು ಅವರ ಕೈಗೇ ಕೊಡಿ, ಉಳಿದದ್ದನ್ನು ಅವರಿಗೇ ಬರೆಯುತ್ತೇನೆ.

ಸಾರ್, ಓಡುವ ಮನಸ್ಸು ಮಾಡಿದ್ದು ಸಂತೋಷ. ಆದರೆ ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ, ಓಡಿ ವರ್ಷಗಳಾದ ದೇಹವನ್ನು ಒಮ್ಮೆಲೇ ಐದು ಕಿಲೋಮೀಟರ್ ಓಡಿಸಬೇಡಿ. ಇವತ್ತೇ ನಿಲ್ಲಿಸಿ. ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ ಆಗಲಿ. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿ ಬಂದರೂ ಹೃದಯದ ರಕ್ತನಾಳ ಚೆನ್ನಾಗಿದೆ ಎಂದು ಹೇಳಲಾಗದು. ತಂದೆಯ ವಿಷಯ ತಿಳಿಸಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ.

ಪೊಲೀಸ್ ಕ್ವಾರ್ಟರ್ಸ್ ಪಕ್ಕದಲ್ಲಿ 22 ವರ್ಷದಿಂದ ಕ್ಲಿನಿಕ್ ಇಟ್ಟಿದ್ದೇನೆ. "ಬೆಲ್ಟ್ ಅದೇ ತೂತಿಗೆ ಹಾಕ್ತೀನಿ ಡಾಕ್ಟ್ರೇ, ಹೊಟ್ಟೆ ಏನೂ ಬಂದಿಲ್ಲ" ಎನ್ನುವವರು ಬಹಳ. ಬೆಲ್ಟು ಹೊಟ್ಟೆಯ ಕೆಳಗೆ ಜಾರಿ, ಬಕಲ್ ನೆಲದ ಕಡೆ ತಿರುಗಿರುತ್ತದೆ. ಬೆಲ್ಟನ್ನು ನಂಬಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟ ಮೇಲೆ ಅಳೆಯಿರಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು.

ಊಟ ಬಿಟ್ಟರೆ ರಾತ್ರಿ ಎರಡು ಗಂಟೆಗೆ ಹಸಿವು ಕೂಗುತ್ತದೆ. ನಿಮ್ಮೂರಲ್ಲಿ ಮಿರ್ಚಿ–ಮಂಡಕ್ಕಿ, ಸಕ್ಕರೆ ಟೀ ಮುಂದೆ ಬರುತ್ತವೆ. ಆ ಹೊತ್ತಿನಲ್ಲಿ ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ನಿಭಾಯಿಸುವುದಿಲ್ಲ. ಡ್ಯೂಟಿಗೆ ಮುಂಚೆ ಜೋಳದ ರೊಟ್ಟಿ, ಕಾಳುಪಲ್ಯ ತಿಂದು ಹೋಗಿ. ಬ್ಯಾಗಿನಲ್ಲಿ ಹುರಿಗಡಲೆ ಇರಲಿ. ಬೆಳಿಗ್ಗೆ ಬಂದವರು ಮಲಗಿ. ಈ ನಿದ್ದೆ ಹೋದರೆ ಹೊಟ್ಟೆ ಕರಗದು. ಎದ್ದ ಮೇಲೆ, ಸಂಜೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ವಾರಕ್ಕೆ ಐದು ದಿನ. ಓಟ ಆಮೇಲೆ, ರಿಪೋರ್ಟ್ ನೋಡಿಕೊಂಡು.

ಕಾಲಿನ ವಿಷಯ. ಬಂದೋಬಸ್ತ್ ಮುಗಿಸಿ ಬಂದವರ ಸಾಕ್ಸ್ ಬಿಚ್ಚಿಸಿದರೆ ಎಲಾಸ್ಟಿಕ್ಕಿನ ಗೆರೆ ಬಳೆಯಂತೆ ಒಳಗಿಳಿದಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಕುಳಿ ಬೀಳುತ್ತದೆ. ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡ. ನಿಂತಲ್ಲೇ ನಿಂತರೆ ಅದಕ್ಕೆ ಕೆಲಸವಿಲ್ಲ. ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಿ, ಬೂಟಿನಲ್ಲೇ ಆಗುತ್ತದೆ. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ನುಂಗುತ್ತಿದ್ದರೆ ಅದರಿಂದಲೂ ಊತ ಬರಬಹುದು, ಡಾಕ್ಟರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಒಂದೇ ಕಾಲು ಊದಿ ನೋವಿದ್ದರೆ ಮಾತ್ರ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ರಿಪೋರ್ಟ್ ಬಂದ ಮೇಲೆ, ಟೇಪಿನ ಅಳತೆಯನ್ನೂ ಸೇರಿಸಿ ಇನ್ನೊಂದು ಪತ್ರ ಬರೆಯಿರಿ.