ಕೈಚೀಲವನ್ನು ನಿಜವಾಗಲೂ ತೂಕ ಹಾಕುತ್ತಾರಾ?

ಪ್ರಶ್ನೆ: ಶಿವಮೊಗ್ಗದಿಂದ ಬೆಂಗಳೂರು, ಅಲ್ಲಿಂದ ದೆಹಲಿಯ ಮಗಳ ಮನೆಗೆ ವಿಮಾನದಲ್ಲಿ ಹೊರಟಿದ್ದೇವೆ. ಕೈಚೀಲ 7 ಕೆಜಿ ಮೀರಬಾರದು ಅಂತಾರೆ. ಅಷ್ಟು ಕಟ್ಟುನಿಟ್ಟಾ? ಮಿಡಿ ಉಪ್ಪಿನಕಾಯಿ ಒಯ್ಯಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತೂಕ ಹಾಕುತ್ತಾರೆ ಅಂತಲೇ ಇಟ್ಟುಕೊಳ್ಳಿ. ಪ್ರತಿ ಸಲವೂ ಹಾಕುವುದಿಲ್ಲ, ಆದರೆ ಕೌಂಟರಿನಲ್ಲಿ ಸುಮ್ನೆ ಬಿಟ್ಟ ಚೀಲವನ್ನು ವಿಮಾನ ಹತ್ತುವ ಗೇಟಿನಲ್ಲಿ ಹಿಡಿಯುವುದೂ ಉಂಟು, ಆಗ ಜಾಸ್ತಿ ದುಡ್ಡು ಕಟ್ಟದೆ ದಾರಿಯಿಲ್ಲ. ಸೋಗಾನೆಗೆ, ಅಂದರೆ ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಬರುವ ಎಟಿಆರ್ ಚಿಕ್ಕ ವಿಮಾನ, ತಲೆಯ ಮೇಲಿನ ಗೂಡೂ ಚಿಕ್ಕದು. ಗಟ್ಟಿ ಟ್ರಾಲಿ ಅದರಲ್ಲಿ ಹಿಡಿಸದಿದ್ದರೆ ಮೆಟ್ಟಿಲ ಹತ್ತಿರವೇ ತೆಗೆದುಕೊಂಡು ಲಗೇಜಿನ ಜೊತೆ ಹಾಕಿಬಿಡಬಹುದು. ಹಾಗಾಗಿ ಮಾತ್ರೆ, ಒಡವೆ, ಪವರ್ ಬ್ಯಾಂಕ್ ಬೇರೆ ಸಣ್ಣ ಚೀಲದಲ್ಲಿರಲಿ. ಪವರ್ ಬ್ಯಾಂಕನ್ನು ಲಗೇಜಿಗೆ ಹಾಕುವ ಹಾಗೇ ಇಲ್ಲ.

ಮಿಡಿಯಿಲ್ಲದೆ ಮಗಳ ಮನೆಗೆ ಹೋಗುವುದು ಹೇಗೆ, ಅಲ್ವಾ? ಒಯ್ಯಿರಿ, ಆದರೆ ಖಾರದ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಎಣ್ಣೆ ಸೋರದ ಹಾಗೆ ಸುತ್ತಿ ದೊಡ್ಡ ಲಗೇಜಿಗೆ ಹಾಕಿ. ದೇಶದೊಳಗೆ ಅದಕ್ಕೆ ಸಾಮಾನ್ಯವಾಗಿ 15 ಕೆಜಿ ಮಿತಿ. ಒಣಕೊಬ್ಬರಿ ಮಾತ್ರ ಬೇಡವೇ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ಭಯಕ್ಕೆ ತಡೆಯುತ್ತಾರೆ. ಎರಡು ವಿಮಾನಕ್ಕೂ ಬೇರೆ ಬೇರೆ ಟಿಕೆಟ್ ಇದ್ದರೆ ಎರಡೂ ಕಂಪನಿಯ ಮಿತಿ ನೋಡಿಕೊಳ್ಳಿ.