ಬೆರಳು ಬಿಚ್ಚಬೇಡಿ, ಹೆದೆಯೇ ಹೋಗಲಿ

ಪ್ರಶ್ನೆ: ಪುಣೆಯ ಕೊಥ್ರೂಡ್‌ನಲ್ಲಿದ್ದೇನೆ. ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು ಹಿಡಿದು ವರ್ಷವಾಯಿತು, ಬಲಗೈಯವನು. 18 ಮೀಟರ್‌ನಲ್ಲಿ ಸೈಟ್‌ನ (ಗುರಿ ನೋಡಲು ಬಿಲ್ಲಿಗೆ ಹಾಕುವ ಸಾಧನ) ಪಿನ್ ಗುರಿಕಾಗದದ ನಡುವಿನ ಹಳದಿಗೆ ಬಂದ ತಕ್ಷಣ ಬಿಡುತ್ತೇನೆ, ಆದರೂ ಬಾಣ ಎಡಕ್ಕೇ ಹೋಗುತ್ತದೆ. ಬೆರಳು ಇನ್ನೂ ಬೇಗ ಬಿಚ್ಚು ಅಂತ ಜೊತೆಯವರು ಹೇಳುತ್ತಾರೆ. ಸೈಟ್ ಎಡಕ್ಕೆ ಸರಿಸಿದರೆ ಸಾಕಾ?

ಉತ್ತರ: ಇದೇ ಪ್ರಶ್ನೆ ಊರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಸೈಟ್ ಮುಟ್ಟಬೇಡಿ. ಸರಿಸಿದರೆ ಇವತ್ತು ಹಳದಿಗೆ ಬೀಳಬಹುದು, ತಪ್ಪು ಮಾತ್ರ ಹಾಗೇ ಇರುತ್ತದೆ. ನಾಳೆ ಅಪ್ಪಿತಪ್ಪಿ ಒಂದು ರಿಲೀಸ್ ಸರಿಯಾದರೆ ಬಾಣ ಬಲಕ್ಕೆ ಹೋಗುತ್ತದೆ. ಆಗ ಮತ್ತೆ ನನಗೇ ಬರೆಯುತ್ತೀರಿ.

‘ಹಳದಿಗೆ ಬಂದ ತಕ್ಷಣ’ ಅಂದಿರಲ್ಲ, ರೋಗ ಇರುವುದು ಅಲ್ಲೇ. ಪಿನ್ ಯಾರಿಗೂ ನಿಲ್ಲುವುದಿಲ್ಲ. 40 ಸೆಂ.ಮೀ. ಕಾಗದದಲ್ಲಿ ಹಳದಿ ಬರೀ 8 ಸೆಂ.ಮೀ. ಅಗಲ. ಒಲಿಂಪಿಕ್ಸ್ ಆಡುವವರ ಪಿನ್ನೂ ಅದರ ಮೇಲೆ ತೇಲಾಡುತ್ತದೆ. ಅವರು ತೇಲಲು ಬಿಟ್ಟು, ಬೆನ್ನಿನಿಂದ ಎಳೆಯುತ್ತಲೇ ಇರುತ್ತಾರೆ. ನೀವು ಹೊಂಚು ಹಾಕುತ್ತೀರಿ. ಕಣ್ಣು ‘ಈಗ!’ ಅನ್ನುತ್ತದೆ, ಎಳೆತ ನಿಲ್ಲುತ್ತದೆ, ಹೆದೆ ಎಳೆದ ಕೈ ಗಾಬರಿಯಿಂದ ಕೆನ್ನೆ ಬಿಟ್ಟು ಹೊರಕ್ಕೆ ಹಾರುತ್ತದೆ. ಇದು ಹೆದೆ ಬಿಡುವುದಲ್ಲ, ಮೀಟುವುದು. ಹೆದೆ ಬಲಕ್ಕೆ ಜಗ್ಗಿತು, ಬಾಣ ಎಡಕ್ಕೆ ಹೋಯಿತು.

ಇನ್ನು ಬೆರಳು ಬೇಗ ಬಿಚ್ಚುವ ಉಪದೇಶ. ಹೆದೆಗಿಂತ ಬೇಗ ಬಿಚ್ಚುವ ಬೆರಳು ಯಾರಿಗೂ ಇಲ್ಲ. ಬೆರಳನ್ನು ಮಡಿಚಿ ಹಿಡಿಯುವ ಸ್ನಾಯು ಮುಂಗೈಯ ಒಳಬದಿಯಲ್ಲಿದೆ. ಅದು ಸಡಿಲವಾದರೆ ಹೆದೆ ತಾನೇ ಬೆರಳನ್ನು ತಳ್ಳಿಕೊಂಡು ಹೋಗುತ್ತದೆ. ಮಂಡಯಿಯಿಂದ ತಂದ ತರಕಾರಿ ಚೀಲ ಕೆಳಗಿಡುವಾಗ ಬೆರಳು ಚಾಚುತ್ತೀರಾ? ಹಿಡಿತ ಬಿಡುತ್ತೀರಿ, ಅಷ್ಟೆ.

ಬೆರಳ ತುದಿಯಲ್ಲಿ ಹಿಡಿದರೆ ಹೆದೆ ಸಲೀಸಾಗಿ ಜಾರುತ್ತದೆ ಅನ್ನುವುದೂ ಸುಳ್ಳು. ತುದಿಯಲ್ಲಿ ಹಿಡಿದರೆ ಮಣಿಕಟ್ಟಿನ ತನಕ ಎಲ್ಲ ಬಿಗಿಯುತ್ತದೆ. ಹೆದೆಯನ್ನು ತುದಿಯಿಂದ ಮೊದಲ ಗೆಣ್ಣಿನ ಗೆರೆಯಲ್ಲಿ ಕೂರಿಸಿ, ಕೈಯ ಹಿಂಬದಿ ಚಪ್ಪಟೆಯಾಗಿರಲಿ. ಸರಿಯಾಗಿ ಬಿಟ್ಟರೆ ಕೈ ಕತ್ತು ಸವರಿಕೊಂಡು ಕಿವಿಯ ಕೆಳಗೆ ಹೋಗುತ್ತದೆ. ಹಾಗಂತ ಬಿಟ್ಟ ಮೇಲೆ ಬೇಕಂತಲೇ ಹಿಂದಕ್ಕೆ ಒಯ್ಯಬೇಡಿ. ಆ ನಾಟಕ ದೂರದಿಂದಲೇ ಗೊತ್ತಾಗುತ್ತದೆ.

ಎರಡು ವಾರ ಕಾಗದ ತೆಗೆದುಹಾಕಿ. ಮೂರ್ನಾಲ್ಕು ಹೆಜ್ಜೆ ದೂರದಿಂದ ಬರೀ ಬಟ್ರೆಸ್‌ಗೆ (ಕಾಗದ ಸಿಕ್ಕಿಸುವ ದಪ್ಪ ದಿಂಡು) ಹೊಡೆಯಿರಿ. ಪಕ್ಕದಲ್ಲಿ ಗಮನಿಸುವವರು ಒಬ್ಬರಿದ್ದರೆ ಮಾತ್ರ, ಎಳೆದ ಮೇಲೆ ಕಣ್ಣು ಮುಚ್ಚಿ. ಮೈದಾನ ಕೆಸರಾಗಿರುವ ಮಳೆಗಾಲ ಇದಕ್ಕೆ ಒಳ್ಳೇ ಕಾಲ. ಆಮೇಲೆ ಕಾಗದ ಹಾಕಿ, ಆದರೆ ಒಂದು ಬಾಣ ಬಿಟ್ಟರೆ ಮುಂದಿನದನ್ನು ಎಳೆದು, ಪಿನ್ ಹಳದಿಯಲ್ಲಿ ತೇಲಾಡಿಸಿ, ಬಿಡದೇ ನಿಧಾನಕ್ಕೆ ಇಳಿಸಿ. ಇದು ಬೇಜಾರಿನ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ. ಹೊಂಚು ಹಾಕುವ ಚಟ ಬಿಡುವುದು ಇದರಿಂದಲೇ. ಆನಂತರ ಕ್ಲಿಕರ್ ಹಾಕಿ, ಬಾಣ ಪೂರ್ತಿ ಎಳೆದಾಗ ಸದ್ದು ಮಾಡುವ ಸಣ್ಣ ಪಟ್ಟಿ. ಅದು ಟಕ್ ಅನ್ನುವ ತನಕ ಎಳೆಯುವುದಷ್ಟೇ ನಿಮ್ಮ ಕೆಲಸ. ಬಾಣವಿಲ್ಲದೆ ಹೆದೆ ಬಿಟ್ಟು ಪ್ರಾಕ್ಟೀಸ್ ಮಾಡಬೇಡಿ, ಲಿಂಬ್ (ಬಿಲ್ಲಿನ ಬಾಗುವ ತೋಳು) ಸೀಳಿ ಮುಖಕ್ಕೆ ಬಂದೀತು.

ಪ್ರಶ್ನೆ: 44 ಪೌಂಡ್ ಎಳೆತದ ಬಿಲ್ಲು ಕೊಂಡರೆ ಗುರಿ ಗಟ್ಟಿಯಾಗುತ್ತಾ? (ಠಾಣೆ)

ಉತ್ತರ: ಭುಜ ಕೆಡುತ್ತದೆ. ಈಗಿರುವ ಬಿಲ್ಲನ್ನೇ ಪೂರ್ತಿ ಎಳೆದು, ನಡುಗದೆ ಹತ್ತು ಎಣಿಸಲು ಬಂದ ಮೇಲೆ ಕೇಳಿ.

ಪ್ರಶ್ನೆ: ಅರ್ಜುನನ ಏಕಾಗ್ರತೆ ಕೊಡುವ ಹನಿ ಅಂತ ವಾಟ್ಸಾಪ್‌ನಲ್ಲಿ ಮಾರುತ್ತಿದ್ದಾರೆ. ಕೈ ನಡುಕವೂ ನಿಲ್ಲುತ್ತದಂತೆ, ಹೌದಾ? (ಮಡಗಾಂವ್)

ಉತ್ತರ: ಅದರಲ್ಲಿ ಏನು ಬೆರೆಸಿದ್ದಾರೆ ಅಂತ ಕೇಳಿದಿರಾ? ನಡುಕ ತಗ್ಗಿಸುವ ಬೀಟಾ ಬ್ಲಾಕರ್ ಔಷಧಿಗಳು ಬಿಲ್ಲುಗಾರರಿಗೆ ಸ್ಪರ್ಧೆ ಇಲ್ಲದ ದಿನವೂ ನಿಷಿದ್ಧ. ಸಿಕ್ಕಿಬಿದ್ದರೆ ಅರ್ಜುನ ಬಂದು ಬಿಡಿಸುವುದಿಲ್ಲ. ಆ ದುಡ್ಡಿಗೆ ಹೆದೆ ಎಳೆಯುವ ಬೆರಳು ಕಾಯುವ ಒಳ್ಳೇ ಫಿಂಗರ್ ಟ್ಯಾಬ್ ತಗೊಳ್ಳಿ.

ಪ್ರಶ್ನೆ: ಸೊಸೈಟಿ ಟೆರೇಸ್‌ನಲ್ಲಿ ಹಳೇ ಹಾಸಿಗೆ ನಿಲ್ಲಿಸಿ ಅಭ್ಯಾಸ ಮಾಡಬಹುದಾ? (ಡೊಂಬಿವಲಿ)

ಉತ್ತರ: ಬೇಡ. ಬಾಣ ಹಾಸಿಗೆ ದಾಟಿದರೆ ಆಚೆ ಯಾರ ಅಡುಗೆಮನೆ ಇದೆ? ಮನೆಯಲ್ಲಿ ಸ್ಟ್ರೆಚ್ ಬ್ಯಾಂಡ್ ಎಳೆಯಿರಿ, ಬಾಣವನ್ನು ರೇಂಜ್‌ನಲ್ಲಿ ಬಿಡಿ.