ಜನರ ಒಲವು ಕಂಪ್ಯೂಟರಿನ ಮೇಲೋ, ಆಪರೇಟಿಂಗ್ ಸಿಸ್ಟಮ್ ಮೇಲೋ?

ಜನರು ಹಳೆಯ ಕಂಪ್ಯೂಟರನ್ನು ಬಿಡಲೊಪ್ಪದಿರುವುದು ಯಂತ್ರದ ಮೇಲಿನ ಮಮತೆಯಿಂದಲೋ, ಅದನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಮ್‌ನಿಂದಲೋ ಎಂದು ತಾವು ಕೇಳಿದ್ದೀರಿ. ಬಳ್ಳಾರಿಯಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡಿಕೊಂಡಿರುವ ನನಗೆ ಕಂಡಂತೆ, ವಿಂಡೋಸ್ ಬಳಸುವವರಲ್ಲಿ ಯಂತ್ರವನ್ನೇ ಹಚ್ಚಿಕೊಂಡವರು ಬಲು ಕಡಿಮೆ. ಸಿಪಿಯು ಬದಲಾಗಲಿ, ಮಾನಿಟರ್ ಬದಲಾಗಲಿ, ಬೇರೆ ಕಂಪನಿಯದೇ ಬರಲಿ, ಸ್ಟಾರ್ಟ್ ಬಟನ್ ಎಡಮೂಲೆಯಲ್ಲಿದ್ದು ತಮ್ಮ ಫೋಲ್ಡರ್‌ಗಳು ಇದ್ದಲ್ಲೇ ಇದ್ದರೆ ಅವರಿಗೆ ಅದೇ ತಮ್ಮ ಕಂಪ್ಯೂಟರ್. 2012ರಲ್ಲಿ ವಿಂಡೋಸ್ 8 ಆ ಬಟನ್ನನ್ನೇ ತೆಗೆದಾಗ, ಹೊಸ ಲ್ಯಾಪ್‌ಟಾಪ್ ಕೊಂಡವರೂ ಅದರಲ್ಲಿ ವಿಂಡೋಸ್ 7 ಹಾಕಿಸಿಕೊಳ್ಳುತ್ತಿದ್ದರು. ಮರುವರ್ಷ 8.1ರಲ್ಲಿ ಬಟನ್ ಮರಳಿತು. ಸ್ಟಾರ್ಟ್ ಮೆನು ಮರಳಲು 2015ರ ವಿಂಡೋಸ್ 10 ಬರಬೇಕಾಯಿತು.

ಈ ನಿಷ್ಠೆಯ ಬೇರು ಎಲ್ಲಿದೆ ಎಂದು ತಿಳಿಯಬೇಕಾದರೆ ಕೋರ್ಟು, ತಹಶೀಲ್ದಾರ್ ಕಚೇರಿಗಳ ಎದುರಿನ ಡಿಟಿಪಿ ಅಂಗಡಿಗಳನ್ನು ನೋಡಬೇಕು. ಅಲ್ಲಿ ಕ್ರಯಪತ್ರ, ಬಾಡಿಗೆ ಕರಾರುಗಳನ್ನು ಟೈಪ್ ಮಾಡುವವರು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯಲ್ಲಿ ಕೈ ಪಳಗಿಸಿಕೊಂಡವರು. ‘ಶಕ್ತಿ’ ಎಂದು ಬರೆಯುವಾಗ ಕಕಾರ ತಕಾರಗಳ ನಡುವೆ ಎಫ್ ಕೀಲಿ ಒತ್ತಬೇಕೆಂಬುದು ಅವರ ನೆನಪಿನಲ್ಲಲ್ಲ, ಬೆರಳಿನಲ್ಲಿರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಅಷ್ಟು ಹೇರಳವಾದ್ದರಿಂದ ಇಂತಹ ಅಂಗಡಿಗಳಲ್ಲಿ ಆ ಕೀಲಿಯ ಮೇಲಿನ ಅಚ್ಚು ಮೊದಲೇ ಅಳಿಸಿಹೋಗಿರುತ್ತದೆ. ಆದರೂ ಅವರನ್ನು ಕಟ್ಟಿಹಾಕಿರುವುದು ಈ ಅಭ್ಯಾಸಕ್ಕಿಂತ ಹೆಚ್ಚಾಗಿ ಹಳೆಯ ಫೈಲುಗಳು. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮುನ್ನ ಇಂತಹ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ಕೊಡುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಡೀ ಕ್ರಯಪತ್ರ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಮಾದರಿ ಪತ್ರಗಳು, ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್‌ನ ಹಳೆಯ ಪುಟಗಳು, ಹೊಸ ವ್ಯವಸ್ಥೆಗೆ ಡ್ರೈವರ್ (ಅದನ್ನು ಓಡಿಸುವ ತಂತ್ರಾಂಶ) ಸಿಗದ ಪ್ರಿಂಟರ್ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ, 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ಭದ್ರತಾ ಅಪ್‌ಡೇಟ್‌ಗಳು ನಿಂತ ಮೇಲೂ ಅನೇಕರು ಅದನ್ನು ಬಿಡಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ವ್ಯಾಪಾರಿಗಳಲ್ಲಿ ನುಡಿಯ ಜಾಗದಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇರುತ್ತದೆ. ಉಳಿದದ್ದೆಲ್ಲ ಇದೇ ಕಥೆ.

ಮ್ಯಾಕ್‌ನ ವಿಷಯ ಬೇರೆ. ಅಲ್ಲಿ ಯಂತ್ರವನ್ನೂ ಆಪರೇಟಿಂಗ್ ಸಿಸ್ಟಮನ್ನೂ ಮಾಡುವುದು ಒಂದೇ ಕಂಪನಿ, ಆ್ಯಪಲ್. 1990ರ ದಶಕದ ನಡುವೆ ಆ್ಯಪಲ್ ಬೇರೆ ತಯಾರಕರಿಗೂ ತನ್ನ ವ್ಯವಸ್ಥೆಯ ಪರವಾನಗಿ ಕೊಟ್ಟಿತ್ತು. ಸ್ಟೀವ್ ಜಾಬ್ಸ್ ಮರಳಿದ ಮೇಲೆ, 1997ರಲ್ಲಿ, ಅದನ್ನು ಕೈಬಿಡಲಾಯಿತು. ಹೀಗಾಗಿ ಆ್ಯಪಲ್‌ನದೇ ಆದ, ವಿಂಡೋಸ್‌ನಲ್ಲಿ ಓಡದ ಫೈನಲ್ ಕಟ್ ಪ್ರೊನಲ್ಲಿ ಮದುವೆಯ ವಿಡಿಯೊ ಎಡಿಟ್ ಮಾಡಲು ಕಲಿತವರು ಮುಂದಿನ ಯಂತ್ರವಾಗಿಯೂ ಮ್ಯಾಕನ್ನೇ ಕೊಳ್ಳಬೇಕು, ಮತ್ತು ಅವರ ಒಲವು ಯಂತ್ರದ ಮೇಲೆಯೇ ನಿಲ್ಲುತ್ತದೆ. ಸ್ಟುಡಿಯೊದವರು ಕೆಲಸ ಮುಗಿದೊಡನೆ ಅದಕ್ಕೆ ಬಟ್ಟೆ ಹೊದಿಸಿಡುವುದನ್ನು ಕಂಡಿದ್ದೇನೆ. ನಮ್ಮೂರಿನ ಧೂಳಿಗೆ ಅದು ಅಗತ್ಯವೂ ಹೌದು.

ವಿಂಡೋಸ್‌ನವರ ನಿಷ್ಠೆಗೆ ಈಗ ಬೇರೊಂದು ಪರೀಕ್ಷೆ ಬಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ಚೆನ್ನಾಗಿಯೇ ಓಡುತ್ತಿರುವ ಕಂಪ್ಯೂಟರ್ ಹಳತಾಯಿತೆಂದು ಕೇಳಿದಾಗಲೇ ಕೆಲವರಿಗೆ ಯಂತ್ರದ ಮೇಲೆ ಮೊದಲ ಬಾರಿಗೆ ಅಕ್ಕರೆ ಹುಟ್ಟುತ್ತದೆ. ಬ್ರೌಸರ್ ಬಿಟ್ಟು ಬೇರೇನೂ ಬಳಸದವರಿಗೆ ನಾನು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ, ಅವರು ಬೇಗ ಹೊಂದಿಕೊಳ್ಳುತ್ತಾರೆ. ಡಿಟಿಪಿಯವರ ಮಾತು ಹಾಗಲ್ಲ. ಲಿನಕ್ಸ್‌ನಲ್ಲಿಯೂ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಇದೆ, ಬೆರಳಿಗೆ ತೊಂದರೆಯಿಲ್ಲ. ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳೂ ಇವೆ. ಆದರೆ ಪರಿವರ್ತನೆಯಲ್ಲಿ ಒಂದು ಅಂಕಿಯೋ ಒತ್ತಕ್ಷರವೋ ತಪ್ಪಿದರೆ ಹೊಲದ ಚೆಕ್ಕುಬಂದಿಯೇ ಕೆಡುವುದರಿಂದ ಪ್ರತಿ ಪತ್ರವನ್ನೂ ಮತ್ತೆ ಓದಿ ನೋಡಬೇಕು, ಅಷ್ಟು ಪುರಸೊತ್ತು ಯಾರಿಗೂ ಇಲ್ಲ. ಆದ್ದರಿಂದ ಹೊಸ ಯಂತ್ರ ಕೊಂಡವರೂ ಹಳೆಯದರ ಇಂಟರ್‌ನೆಟ್ ಕೇಬಲ್ ಕಿತ್ತು, ಹಳೆಯ ಪತ್ರ ಕೇಳಿಕೊಂಡು ಬರುವವರಿಗಾಗಿ ಅದನ್ನು ಪಕ್ಕದ ಮೇಜಿನಲ್ಲಿಯೇ ಇಟ್ಟುಕೊಳ್ಳುತ್ತಾರೆ.